ಅಗೆತವೆಲ್ಲ ಉತ್ಖನನವಲ್ಲ

ನಮ್ಮ ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಕಾಳು ತುಂಬಲು ಹಗೇವು ತೋಡುವುದೂ ಅಗೆತವೇ, ನಿಧಿಯಾಸೆಗೆ ಹಾಳುಗುಡಿಯ ಬುಡ ಕೆದಕುವುದೂ ಅಗೆತವೇ. ‘ಉತ್ಖನನ’ ಬೇರೆ. ಸಂಸ್ಕೃತದ ‘ಖನ್’ ಎಂದರೆ ಅಗೆ. ‘ಖನಿಜ’ವೂ ಅದರಿಂದಲೇ ಬಂದದ್ದು. ‘ಉತ್’ ಎಂದರೆ ಮೇಲಕ್ಕೆ. ಹೂತದ್ದನ್ನು ಮೇಲೆತ್ತುವುದು ಪದದ ಅರ್ಥ. ಅದು ಯಾವ ಪದರದಲ್ಲಿ, ಯಾವುದರ ಜೊತೆಗಿತ್ತೆಂದು ಬರೆದಿಡುವುದು ಶಾಸ್ತ್ರದ ಕಟ್ಟಳೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಹೀಗೆ ಅಗೆಸಿ, ಕಲ್ಲುಕೊಡಲಿಯ ಕಾಲ, ಬೃಹತ್ ಶಿಲಾಸಮಾಧಿಗಳ ಕಾಲ, ಶಾತವಾಹನರ ಕಾಲ ಎಂದು ಕ್ರಮ ಗುರುತಿಸಿದರು. ಅತ್ತಿಮಬ್ಬೆಯ ಲಕ್ಕುಂಡಿ, ಪುಲಿಗೆರೆಯೆನಿಸಿದ್ದ ಲಕ್ಷ್ಮೇಶ್ವರಗಳ ನೆಲದಲ್ಲೂ ಇತಿಹಾಸ ಹುದುಗಿದೆ. ಪಾಯ ತೆಗೆಯುವಾಗ ಹಳೆಯದೇನಾದರೂ ಕಂಡರೆ ಗುದ್ದಲಿ ನಿಲ್ಲಿಸಿ, ಪುರಾತತ್ವ ಇಲಾಖೆಗೆ ತಿಳಿಸಿರಿ. ಒಮ್ಮೆ ಕಲಕಿದ ಪದರ ಮತ್ತೆ ಕೂಡುವುದಿಲ್ಲ.