ಕೆಂಪು ಇಳಿದರೆ ಕಣ್ಣುಬೇನೆ ಹೋದಂತಲ್ಲ

ಮಕ್ಕಳ ಕಣ್ಣುಬೇನೆ, ಅಂದರೆ ಮದ್ರಾಸ್ ಐ ಬಗ್ಗೆ ಜಯನಗರ, ಬನಶಂಕರಿ ಕಡೆಯ ತಾಯಂದಿರು ಮತ್ತೆ ಮತ್ತೆ ಕೇಳುವುದು ಇದನ್ನೇ: “ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿದ್ವಿ, ಎರಡೇ ದಿನಕ್ಕೆ ಕೆಂಪು ಇಳೀತು. ನಿಲ್ಲಿಸಿದ ಮೇಲೆ ಮತ್ತೆ ಬಂತು. ಯಾಕೆ ಡಾಕ್ಟ್ರೇ?”

ಆ ಬಾಟಲಿಯ ಲೇಬಲ್ ಓದಿದರೆ ಎಷ್ಟೋ ಸಲ ಆಂಟಿಬಯೋಟಿಕ್ ಜೊತೆಗೆ ಡೆಕ್ಸಾಮೆಥಾಸೋನ್ ಇರುತ್ತದೆ, ಇಲ್ಲವೇ ಪ್ರೆಡ್ನಿಸೊಲೋನ್. ಎರಡೂ ಸ್ಟೀರಾಯ್ಡ್. 2023ರ ಮಳೆಗಾಲದಲ್ಲಿ ಬೆಂಗಳೂರಿನಲ್ಲೆಲ್ಲ ಕಣ್ಣುಬೇನೆ ಹಬ್ಬಿ, ಆರೋಗ್ಯ ಇಲಾಖೆ ಸೂಚನೆ ಹೊರಡಿಸಿದಾಗಲೂ ಮನೆಮನೆಯಲ್ಲಿ ಇದೇ ಬಾಟಲಿ. ಚೀಟಿಯಿಲ್ಲದೆ ಮಾರಲೇಬಾರದ ಔಷಧಿ ಇದು!

ಮಕ್ಕಳಿಗೆ ಹೀಗೆ ಹಬ್ಬುವ ಕಣ್ಣುಬೇನೆಗೆ ಹೆಚ್ಚಾಗಿ ಕಾರಣ ಅಡಿನೋವೈರಸ್. ಅದು ಕಣ್ಣಿನ ಬಿಳಿಭಾಗವನ್ನು ಮುಚ್ಚುವ ತೆಳುಪೊರೆಗೆ ಸೇರಿದೊಡನೆ ದೇಹ ರಕ್ತನಾಳಗಳನ್ನು ಹಿಗ್ಗಿಸಿ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ನಮಗೆ ಕಾಣುವ ಕೆಂಪು ಆ ಹಿಗ್ಗಿದ ನಾಳಗಳದ್ದು. ಸ್ಟೀರಾಯ್ಡ್ ಅಡಗಿಸುವುದು ದೇಹದ ಈ ಹೋರಾಟವನ್ನು, ವೈರಸ್ಸನ್ನಲ್ಲ. ಕಾವಲುಗಾರನನ್ನು ಮಲಗಿಸಿ ಕಳ್ಳನನ್ನು ಮನೆಯೊಳಗೇ ಬಿಟ್ಟ ಹಾಗೆ. ಇನ್ನೊಮ್ಮೆ ಹೇಳುತ್ತೇನೆ, ಕೆಂಪು ಹೋಯಿತು, ವೈರಸ್ ಹೋಗಲಿಲ್ಲ. ಕಣ್ಣು ಬೆಳ್ಳಗಾಯಿತೆಂದು ನೀವು ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸುತ್ತೀರಿ. ಕಣ್ಣುಜ್ಜಿದ ಕೈಯಲ್ಲೇ ಅದು ಪಕ್ಕದವಳ ಪೆನ್ಸಿಲ್ ಹಿಡಿಯುತ್ತದೆ. ಅಷ್ಟೇ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಕೆಲವು ಮಕ್ಕಳಲ್ಲಿ ಸ್ಟೀರಾಯ್ಡ್‌ನಿಂದ ಕಣ್ಣಿನ ಒತ್ತಡ ವಾರಗಳಲ್ಲೇ ಏರುತ್ತದೆ, ಹಾಗೇ ಬಿಟ್ಟರೆ ಗ್ಲಾಕೋಮಾ. ಅದರಲ್ಲಿ ಹಾಳಾದ ನರ ಮತ್ತೆ ಸರಿಹೋಗುವುದಿಲ್ಲ. ಕೆಂಪಿಗೆ ಕಾರಣ ಹರ್ಪಿಸ್ ಆಗಿದ್ದರೆ ಕರಿಗುಡ್ಡೆಯ ಹುಣ್ಣು ಉಲ್ಬಣಿಸುತ್ತದೆ. ಆದ್ದರಿಂದ ಡಾಕ್ಟರು ನೋಡದೆ ಆ ಹನಿ ಬೇಡ, ಅಣ್ಣನಿಗೆ ಬರೆದ ಬಾಟಲಿಯಲ್ಲಿ ಉಳಿದದ್ದು ತಂಗಿಗೂ ಬೇಡ.

ಬೇನೆ ಬಂದವರ ಕಣ್ಣು ನೋಡಿದರೆ ಅಂಟುತ್ತದೆ ಅನ್ನುವುದನ್ನು ದಯವಿಟ್ಟು ಬಿಡಿ. ಅಂಟುವುದು ಕೈಯಿಂದ, ಟವೆಲ್‌ನಿಂದ, ದಿಂಬಿನಿಂದ. ಕಪ್ಪು ಕನ್ನಡಕ ಬೆಳಕು ಚುಚ್ಚುವುದನ್ನು ತಡೆಯುತ್ತದೆ, ಅಷ್ಟೆ. ಸ್ಯಾನಿಟೈಸರ್‌ಗೆ ಈ ವೈರಸ್ ಸುಲಭಕ್ಕೆ ಜಗ್ಗುವುದಿಲ್ಲ, ಸೋಪು ಹಾಕಿ ಕೈ ತೊಳೆಸಿ. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಗೀಜು ಒರೆಸಿ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ.

ಮಗು ಬೆಳಕಿಗೆ ಕಣ್ಣು ಬಿಡಲಾರದಿದ್ದರೆ, ಮಂಜು ಅಂದರೆ, ನೋವು ಅಂತ ಅತ್ತರೆ ಮಿಂಟೋ ಆಸ್ಪತ್ರೆಗೋ ಹತ್ತಿರದ ಕಣ್ಣಿನ ಡಾಕ್ಟರ ಬಳಿಗೋ ಅಂದೇ ಕರೆದೊಯ್ಯಿರಿ. ಒಂದು ತಿಂಗಳು ತುಂಬದ ಕೂಸಿನ ಕಣ್ಣು ಕೆಂಪಾಗಿ ಗೀಜು ಕಟ್ಟಿದರಂತೂ ಬೆಳಗಾಗುವವರೆಗೂ ಕಾಯಬೇಡಿ.