ಕ್ಯಾಡ್ ಪದಗಳಿಗೆ ಹೆದರಬೇಡಿ



ಬಿ.ಎ. ಓದೋ ಹುಡುಗ ಕ್ಯಾಡ್ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ನಿಮಗನ್ನಿಸಬಹುದು. ಕಾರಣ ನನ್ನ ಮಾವನ ಮಗ. ಹತ್ತನೇ ತರಗತಿ ಮುಗಿಸಿ ಹೊಸೂರಿನ ಒಂದು ವರ್ಕ್‌ಶಾಪಿನಲ್ಲಿ ಹೆಲ್ಪರ್ ಆಗಿದ್ದಾನೆ. ಹೋದ ವರ್ಷ ಕ್ಯಾಡ್ ಟ್ರೈನಿ ಜಾಗಕ್ಕೆ ಇಂಟರ್‌ವ್ಯೂಗೆ ಹೋದ. "ಫಿಲೆಟ್‌ಗೂ ಚಾಂಫರ್‌ಗೂ ಏನಪ್ಪಾ ವ್ಯತ್ಯಾಸ?" ಅಂದರು. ಉತ್ತರ ಬಾರದೆ ತಲೆ ತಗ್ಗಿಸಿ ಎದ್ದು ಬಂದ. ದಿನಾ ಕಬ್ಬಿಣದ ಅಂಚು ಉಜ್ಜೋ ಕೈ ಅವನದು. ಕೆಲಸ ಗೊತ್ತಿತ್ತು, ಅದರ ಹೆಸರು ಗೊತ್ತಿರಲಿಲ್ಲ. ಆಮೇಲೆ ಇಬ್ಬರೂ ಕೂತು ಆ ಹೆಸರುಗಳನ್ನು ಕಲಿತೆವು. ಕೆಲವನ್ನು ನಿಮಗೂ ಹೇಳ್ತೀನಿ.

ಬೋಲ್ಟಿಗೆ ಹಾಕೋ ವಾಷರ್ ತಗೊಳ್ಳಿ. ಮೊದಲು 24 ಮಿ.ಮೀ. ಅಗಲದ ವೃತ್ತ, ಅದರೊಳಗೆ 13 ಮಿ.ಮೀ. ಇನ್ನೊಂದು ವೃತ್ತ ಬರೀತೀವಿ. ಇದು ಸ್ಕೆಚ್. ಎರಡಕ್ಕೂ ಒಂದೇ ಕೇಂದ್ರ ಇರಬೇಕು ಅನ್ನೋ ಕಟ್ಟುಪಾಡು ಕನ್‌ಸ್ಟ್ರೇಂಟ್. ಅದಕ್ಕೆ 2.5 ಮಿ.ಮೀ. ದಪ್ಪ ಕೊಡೋದು ಎಕ್ಸ್‌ಟ್ರೂಡ್. ಚಕ್ಕುಲಿ ಒರಳು ನೋಡಿದ್ದೀರಲ್ಲ? ತೂತಿನ ಆಕಾರ ಯಾವುದೋ, ಹಿಟ್ಟು ಅದೇ ಆಕಾರದಲ್ಲಿ ಉದ್ದಕ್ಕೆ ಇಳಿಯುತ್ತೆ. ಅದೇ ಇದು. ಲೋಟ ಮಾಡಬೇಕಾದರೆ ಅರ್ಧ ಆಕಾರ ಬರೆದು ನಡುಗೆರೆಯ ಸುತ್ತ ತಿರುಗಿಸ್ತೀವಿ, ಅದು ರಿವಾಲ್ವ್. ಒಳಗೆ ಟೊಳ್ಳು ಮಾಡಿ ತೆಳುವಾದ ಗೋಡೆ ಉಳಿಸೋದು ಶೆಲ್. ಅಂಚನ್ನು ದುಂಡಗೆ ಮಾಡಿದರೆ ಫಿಲೆಟ್, ಓರೆಯಾಗಿ ಕತ್ತರಿಸಿದರೆ ಚಾಂಫರ್. ನಮ್ಮ ಹುಡುಗ ತಲೆ ತಗ್ಗಿಸಿದ್ದು ಇಷ್ಟಕ್ಕೇ!

ಬರೀ ಗೆರೆಗಳ ಚೌಕಟ್ಟು ವೈರ್‌ಫ್ರೇಮ್. ಬಲೂನಿನ ಹಾಗೆ ಬರೀ ಮೈ ಇದ್ದರೆ ಸರ್ಫೇಸ್. ರಾಗಿಮುದ್ದೆ ಹಾಗೆ ಒಳಗೂ ತುಂಬಿದ್ದರೆ ಸಾಲಿಡ್. ಸಾಲಿಡ್ ಆದರೆ ಕಂಪ್ಯೂಟರ್ ತೂಕಾನೂ ಹೇಳುತ್ತೆ: ಉಕ್ಕು ಅಂತ ಹೇಳಿದರೆ ನಮ್ಮ ವಾಷರ್ ಸುಮಾರು 6 ಗ್ರಾಂ. 13 ಅನ್ನೋ ಅಳತೆಯನ್ನು 11 ಮಾಡಿದರೆ ತೂತು ತಾನೇ ಚಿಕ್ಕದಾಗುತ್ತೆ, ಮತ್ತೆ ಬರೆಯೋ ಹಾಗಿಲ್ಲ. ಇದನ್ನು ಪ್ಯಾರಾಮೆಟ್ರಿಕ್ ಅಂತಾರೆ.

ಎರಡು ಸಾಲಿಡ್ ಕೂಡಿಸೋದು, ಒಂದರಿಂದ ಇನ್ನೊಂದನ್ನು ಕಳೆಯೋದು, ಎರಡಕ್ಕೂ ಸೇರಿದ ಭಾಗ ಮಾತ್ರ ಉಳಿಸೋದು, ಈ ಮೂರಕ್ಕೂ ಬೂಲಿಯನ್ ಅಂತ ಹೆಸರು. ಅದು ಜಾರ್ಜ್ ಬೂಲ್ ಅನ್ನೋರ ಹೆಸರಿಂದ ಬಂದದ್ದು. ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದವರು. ಅಪ್ಪ ಚಪ್ಪಲಿ, ಬೂಟು ಹೊಲೀತಿದ್ದರು. ಬೂಲ್ ಕಾಲೇಜು ಮೆಟ್ಟಿಲು ಹತ್ತದೆ ತಾವೇ ಗಣಿತ ಕಲಿತು, 1849ರಲ್ಲಿ ಐರ್ಲೆಂಡಿನ ಕಾರ್ಕ್ ಕಾಲೇಜಿಗೆ ಪ್ರಾಧ್ಯಾಪಕರಾದರು. ಇವತ್ತು ಎಂಜಿನಿಯರುಗಳೆಲ್ಲ ಆ ಹೆಸರು ಹೇಳ್ತಾರೆ.

ಫ್ರೀಕ್ಯಾಡ್ ಅನ್ನೋ ಸಾಫ್ಟ್‌ವೇರ್ ದುಡ್ಡಿಲ್ಲದೆ ಸಿಗುತ್ತೆ. ಸಂಘದ ಕೋಣೆಯಲ್ಲಿ ಕಂಪ್ಯೂಟರ್ ಇದೆ. ಭಾನುವಾರ ಎರಡು ಗಂಟೆ ಬನ್ನಿ, ಹೆಣ್ಣುಮಕ್ಕಳೂ ಬನ್ನಿ. ನಮ್ಮ ಹುಡುಗ ಈ ವರ್ಷ ಮತ್ತೆ ಇಂಟರ್‌ವ್ಯೂಗೆ ಹೋಗ್ತಾನೆ. ಈ ಸಲ ಉತ್ತರ ಹೇಳಿಯೇ ಎದ್ದು ಬರ್ತಾನೆ.