ಮೋಟಾರಿನಡಿಯ ತೊಟ್ಟು



ಪಟ್ಟದಕಲ್ಲಿನ ದೇವಾಲಯಗಳ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯನ್ನು ಕಂಡವರು ಆ ನದಿಯು ಅಲ್ಲಿಯೇ ಹುಟ್ಟಿತೆಂದು ಹೇಳಲಾರರು. ಅದರ ಮೂಲವು ಬಹುದೂರದಲ್ಲಿ, ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿದೆ. ಆದರೆ ಮೋಟಾರು ಗಾಡಿಯ ಅಡಿಯಲ್ಲಿ ದ್ರವವು ತೊಟ್ಟಿಕ್ಕುವುದನ್ನು ಕಂಡಾಗ ಮಾತ್ರ, ಬಿದ್ದ ಸ್ಥಳವನ್ನೇ ಹುಟ್ಟಿದ ಸ್ಥಳವೆಂದು ಭಾವಿಸುವುದು ನಮ್ಮ ವಾಡಿಕೆ. ಈ ವಾಡಿಕೆಯ ಅಪಾಯವನ್ನು ನಾವು ಪಟ್ಟದಕಲ್ಲಿನಲ್ಲಿಯೇ ಅರಿತೆವು.

ಬೇಸಿಗೆಯ ಮಧ್ಯಾಹ್ನ ವಿರೂಪಾಕ್ಷನ ಗುಡಿಯನ್ನು ನೋಡಿಕೊಂಡು ಬಂದಾಗ, ನಿಂತಿದ್ದ ನಮ್ಮ ಗಾಡಿಯ ಅಡಿಯಲ್ಲಿ ಎರಡು ಕಲೆಗಳು ಕಂಡವು: ಒಂದು ಮುಂಭಾಗದಲ್ಲಿ, ಇನ್ನೊಂದು ಹಿಂದಿನ ಎಡಚಕ್ರದ ಒಳಮಗ್ಗುಲಲ್ಲಿ. ಸುಮಾರು 22 ಕಿಲೋಮೀಟರು ದೂರದ ಬಾದಾಮಿಯಲ್ಲಿ ಸಂಜೆಯ ರೈಲನ್ನು ಹಿಡಿಯಬೇಕಾಗಿತ್ತು, ಜೊತೆಯಲ್ಲಿ ವೃದ್ಧರಿದ್ದರು. "ಎರಡೂ ತಂಪುಯಂತ್ರದ ನೀರೇ, ಹೊರಡೋಣ" ಎಂದರು ಒಬ್ಬರು.

ಮುಂದಿನ ಕಲೆಯ ವಿಷಯದಲ್ಲಿ ಅವರ ಮಾತು ದಿಟವಾಗಿತ್ತು. ಬಣ್ಣ, ವಾಸನೆ, ಜಿಡ್ಡು ಯಾವುದೂ ಇಲ್ಲದ ತೊಟ್ಟು, ಗಾಳಿಯ ತೇವವು ತಂಪುಕೊಳವೆಯ ಮೇಲೆ ನೀರಾಗಿ ಇಳಿದದ್ದು, ಅದರಿಂದ ಭಯವಿಲ್ಲ. ಕಂದು ಅಥವಾ ಕಪ್ಪು ಬಣ್ಣದ್ದು ಸಾಮಾನ್ಯವಾಗಿ ಇಂಜಿನ್ ಎಣ್ಣೆ. ಹಸಿರು, ಕಿತ್ತಳೆ ಅಥವಾ ಗುಲಾಬಿ ಬಣ್ಣದ, ಸಿಹಿ ವಾಸನೆಯ ದ್ರವವು ಇಂಜಿನನ್ನು ತಣಿಸುವ ಕೂಲೆಂಟ್. ಅದು ವಿಷವಾದುದರಿಂದ ಮಕ್ಕಳೂ ನಾಯಿಗಳೂ ಅದನ್ನು ಮುಟ್ಟದಂತೆ ನೋಡಿಕೊಳ್ಳತಕ್ಕದ್ದು. ಆದರೆ ಬಣ್ಣವು ಸಾಕ್ಷಿಯೇ ಹೊರತು ತೀರ್ಪಲ್ಲ. ದ್ರವವು ಮೇಲಿನಿಂದ ಕೆಳಗಿಳಿಯುತ್ತದೆ. ಓಟದ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಆದುದರಿಂದ ಹಳೆಯ ಜಿಡ್ಡನ್ನು ಮೊದಲು ಒರೆಸಿ, ಕೆಳಗೆ ಬಿಳಿಯ ಕಾಗದವನ್ನು ಹಾಸಿ, ಹೊಸ ತೇವವು ಕಾಣುವವರೆಗೆ ಕಾಯಬೇಕು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾಗಿರುವ ಸ್ಥಳವೇ ಮೂಲಕ್ಕೆ ಸಮೀಪವಾದುದು.

ಹಿಂದಿನ ಕಲೆ ಜಿಡ್ಡಾಗಿ, ತುಸು ಹಳದಿಯಾಗಿತ್ತು. ಒಂದು ತೊಟ್ಟನ್ನು ನೀರಿನ ಬಟ್ಟಲಿಗೆ ಹಾಕಿದೆವು. ಎಣ್ಣೆಯಾಗಿದ್ದರೆ ತೇಲಬೇಕಾಗಿತ್ತು, ಇದು ಬೆರೆತುಹೋಯಿತು. ಸಾಮಾನ್ಯವಾಗಿ ಬಳಸುವ ಬ್ರೇಕ್ ದ್ರವದ ಗುಣವೇ ಅದು. ಚಕ್ರದ ಒಳಬದಿಯನ್ನು ಒರೆಸಿದೆವು. ಇಂಜಿನನ್ನು ನಿಲ್ಲಿಸಿಯೇ ಒಬ್ಬರು ಬ್ರೇಕನ್ನು ತುಳಿದು ಹಿಡಿದರು. ಪೆಡಲು ಮೆಲ್ಲಮೆಲ್ಲನೆ ಕೆಳಗಿಳಿಯಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನಮಗೆ, ಚಕ್ರದ ಹಿಂದಣ ತಗಡಿನ ಅಂಚಿನಿಂದ ಹೊಸ ತೊಟ್ಟು ಜಾರುವುದು ಕಂಡಿತು.

ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದಿನ ಎರಡು ತಿಂಗಳಲ್ಲಿ ಬ್ರೇಕ್ ದ್ರವವು ಎರಡು ಸಲ ಇಳಿದಿತ್ತು. ಎರಡು ಸಲವೂ ತುಂಬಿಸಿ ಸುಮ್ಮನಾಗಿದ್ದೆವು. ಬ್ರೇಕಿನ ಪ್ಯಾಡುಗಳು ಸವೆದಂತೆ ದ್ರವವು ಸ್ವಲ್ಪ ಇಳಿಯುವುದು ಸಹಜವೆಂಬುದು ನಮ್ಮ ಸಮಾಧಾನವಾಗಿತ್ತು. ಆದರೆ ಸವೆತದಿಂದ ಇಳಿಯುವುದು ನಿಧಾನವಾಗಿ; ತುಂಬಿಸಿದ ಮೇಲೆ ಬೇಗನೆ ಮತ್ತೆ ಇಳಿದರೆ, ಅದು ಎಲ್ಲಿಗೆ ಹೋಯಿತೆಂದು ಕೇಳಲೇಬೇಕು. ನಾವು ಕೇಳಿರಲಿಲ್ಲ.

ಗಾಡಿಯನ್ನು ಓಡಿಸಕೂಡದೆಂದು ನಿಶ್ಚಯಿಸಿ, ಬಾದಾಮಿಯಿಂದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಅವರು ಡ್ರಮ್ಮನ್ನು ಬಿಚ್ಚಿ ತೋರಿಸಿದರು: ಚಕ್ರದ ಸಿಲಿಂಡರಿನೊಳಗಿನ ರಬ್ಬರಿನ ಮುಚ್ಚಳ ಸವೆದು, ದ್ರವವು ಬ್ರೇಕಿನ ಪಟ್ಟಿಗಳನ್ನೂ ತೋಯಿಸಿತ್ತು. ಸಿಲಿಂಡರನ್ನೂ ಪಟ್ಟಿಗಳನ್ನೂ ಬದಲಾಯಿಸಿ, ಕೊಳವೆಗಳ ಗಾಳಿಯನ್ನು ಹೊರದೂಡುವ ಹೊತ್ತಿಗೆ ಕತ್ತಲಾಗಿತ್ತು.

ಮೂಲವನ್ನು ಹುಡುಕುವವರಿಗೆ ಎರಡು ಎಚ್ಚರಿಕೆಗಳು. ಜ್ಯಾಕಿನ ಆಧಾರವೊಂದನ್ನೇ ನಂಬಿ ಗಾಡಿಯ ಕೆಳಗೆ ನುಸುಳಬಾರದು. ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ತೆಗೆಯಬಾರದು. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಆ ದಿನ ರೈಲು ತಪ್ಪಿತು. ವೃದ್ಧರು ಸ್ವಲ್ಪ ಮುನಿಸಿಕೊಂಡರು. ಮರುದಿನ ಬೆಳಗ್ಗೆ ಅವರನ್ನು ಬಾದಾಮಿಯ ನಿಲ್ದಾಣಕ್ಕೆ ಕರೆದೊಯ್ಯುವ ಮುನ್ನ, ಗಾಡಿ ನಿಂತಿದ್ದ ನೆಲವನ್ನು ಬಗ್ಗಿ ನೋಡಿದೆವು. ಅದು ಒಣಗಿತ್ತು.